ಚಾವಡಿಯ ಬಾಗುಗೋಡೆ

ಕಟ್ಟಡದ ವಿದ್ಯೆ ಕಲಿಯುತ್ತಿದ್ದ ಬಾಚಣ್ಣ ಒಂದು ದಿನ ಗುರುವನ್ನು ಕೇಳಿದ: "ಗುರುಗಳೇ, ಕಟ್ಟುವವನು ಪಂಡಿತರ ಸಿದ್ಧಾಂತವನ್ನು ನಂಬಬೇಕೋ, ಸುತ್ತಲಿನ ಪ್ರಕೃತಿಯನ್ನು ನೋಡಿ ಕಲಿಯಬೇಕೋ?"

ಗುರು ಈ ಕತೆ ಹೇಳಿದರು.

ಬೆಟ್ಟದ ತಪ್ಪಲಿನ ಒಂದು ಊರಿಗೆ ಇದ್ದದ್ದು ಒಂದೇ ಕೆರೆ. ನೀರಿನ ಸರದಿಯನ್ನು ಊರವರು ಬಯಲಲ್ಲಿ ಸೇರಿ ಗೊತ್ತು ಮಾಡುತ್ತಿದ್ದರು. ಗಾಳಿಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದೆ ಕೂಗಾಟವಾಗುತ್ತಿತ್ತು. ಕೂಗಾಟ ಕೈಕೈ ಮಿಲಾಯಿಸುವವರೆಗೂ ಹೋಗುತ್ತಿತ್ತು. ಊರ ಯಜಮಾನ ಒಬ್ಬ ಶಿಲ್ಪಿಯನ್ನು ಕರೆಸಿ, ಮಾತು ಕೇಳಿಸುವಂಥ ಚಾವಡಿ ಕಟ್ಟಿಕೊಡು ಎಂದ.

ಶಿಲ್ಪಿ, ಶಬ್ದದ ಗುಣವನ್ನು ಅಭ್ಯಾಸ ಮಾಡಿದ್ದ ಪಂಡಿತನೊಬ್ಬನ ಬಳಿ ಹೋದ. "ಕಲ್ಲು ಬಿದ್ದ ನೀರಿನಲ್ಲಿ ಅಲೆ ಹರಡುವಂತೆ ದನಿ ಹರಡುತ್ತದೆ. ಗೋಡೆಗೆ ತಾಗಿದರೆ ತಿರುಗಿ ಬರುತ್ತದೆ. ಗೋಡೆ ಬಾಗಿದ್ದರೆ ಚದುರದೆ ದೂರ ಸಾಗುತ್ತದೆ," ಎಂದ ಪಂಡಿತ. ಶಿಲ್ಪಿ ಯಜಮಾನನ ಪೀಠದ ಹಿಂದೆ ಬಾಗಿದ ಗೋಡೆ ಎಬ್ಬಿಸಿದ. ಯಜಮಾನ ಮೆಲ್ಲಗೆ ಆಡಿದ ಮಾತೂ ಕೊನೆಯ ಸಾಲಿಗೆ ಮುಟ್ಟಿತು. ಊರವರು ಬೆರಗಾದರು. ಶಿಲ್ಪಿ ತೃಪ್ತನಾಗಿ ಹೊರಟುಹೋದ.

ಮರುವರ್ಷ ಆ ದಾರಿಯಲ್ಲಿ ಬಂದಾಗ ಸಭೆ ನಡೆಯುತ್ತಿತ್ತು. ಜಗಳವಿರಲಿಲ್ಲ. ಶಿಲ್ಪಿ ಹಿಗ್ಗಿ ಹಿಂದೆ ಕುಳಿತ. ಅಲ್ಲೇ ಒಬ್ಬ ಹೆಂಗಸು ಎದ್ದು, ತನ್ನ ಹೊಲಕ್ಕೆ ನೀರು ಬಂದಿಲ್ಲವೆಂದಳು. ಅವಳ ಮಾತು ಬಾಗುಗೋಡೆಗೆ ತಾಗಿ ಯಜಮಾನನಿಗೆ ಮುಟ್ಟಿತು, ಸಭೆಗೆ ಮುಟ್ಟಲಿಲ್ಲ. ಯಜಮಾನ ಕೇಳಿಸದವನಂತೆ ಬೇರೆ ವಿಷಯ ಎತ್ತಿದ. ಅವಳು ಕುಳಿತಳು.

ಸಭೆ ಮುಗಿದ ಮೇಲೆ ಶಿಲ್ಪಿ ಅವಳನ್ನು ಕೇಳಿದ: "ಏನು ತಾಯೀ, ಚಾವಡಿ ಚೆನ್ನಾಗಿಲ್ಲವೇ?"

"ಚೆನ್ನಾಗಿದೆ ಅಣ್ಣಾ. ಬಯಲಲ್ಲಿ ಕೂಗಿದರೆ ನಾಲ್ಕು ಜನವಾದರೂ ತಿರುಗಿ ನೋಡುತ್ತಿದ್ದರು. ಇಲ್ಲಿ ಕೂಗುವುದು ಮರ್ಯಾದೆಯಲ್ಲ."

ಶಿಲ್ಪಿಗೆ ಊಟ ಸೇರಲಿಲ್ಲ. ಎಲ್ಲರ ಮಾತೂ ಎಲ್ಲರಿಗೂ ಕೇಳಿಸುವುದು ಹೇಗೆಂದು ಯೋಚಿಸುತ್ತಾ ಅವನು ಬೆಟ್ಟ ಹತ್ತಿದ. ಮೇಲೆ ಬಂಡೆಯಲ್ಲಿ ಬಟ್ಟಲಿನಂತೆ ದುಂಡಗೆ ಸವೆದ ತಗ್ಗೊಂದಿತ್ತು. ಅದರ ಅಂಚಿಗೆ ಒರಗಿ, ದೂರದೂರ ಕುಳಿತ ಇಬ್ಬರು ಕುರಿಗಾಹಿಗಳು ದನಿ ಏರಿಸದೆ ಮಾತಾಡಿಕೊಳ್ಳುತ್ತಿದ್ದರು. ಶಿಲ್ಪಿ ತಾನೂ ಒರಗಿ ಕುಳಿತು ಕೇಳಿದ. ಆಮೇಲೆ ಪಂಡಿತನನ್ನು ಕರೆತಂದು ಕೂರಿಸಿದ.

ಪಂಡಿತ ನಕ್ಕ. "ನಾನು ಹೇಳಿದ್ದೂ ಇದನ್ನೇ. ಯಜಮಾನ ಯಾರೆಂದು ಗೋಡೆಗೆ ಗೊತ್ತಿಲ್ಲ. ನೀನು ಅದನ್ನು ಒಬ್ಬನ ಬೆನ್ನಿಗೆ ನಿಲ್ಲಿಸಿದೆ."

ಶಿಲ್ಪಿ ಚಾವಡಿಯನ್ನು ತಿದ್ದುತ್ತೇನೆಂದಾಗ ಯಜಮಾನ ಒಪ್ಪಲಿಲ್ಲ. ಮುಂದಿನ ಸಭೆಯಲ್ಲಿ ಶಿಲ್ಪಿ ಅವನನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಇಲ್ಲಿಂದ ಮಾತಾಡಿ ಎಂದ. ಯಜಮಾನ ಮಾತಾಡಿದ. ಯಾರೂ ತಿರುಗಿ ನೋಡಲಿಲ್ಲ. ಅವನು ಎದ್ದು ಶಿಲ್ಪಿಯ ಬಳಿ ಬಂದು, "ತಿದ್ದು," ಎಂದ.

ಪೀಠ ಹೋಯಿತು. ಬೆಟ್ಟದ ತಗ್ಗಿನ ಹಾಗೆ ಗೋಡೆ ದುಂಡಗೆ ಸುತ್ತಿ ಬಂತು. ಎಲ್ಲರೂ ಅದಕ್ಕೆ ಒರಗಿ ಕುಳಿತರು. ಮೊದಲ ಸಭೆ ಸಂಜೆಯವರೆಗೂ ಎಳೆಯಿತು. ಹಿಂದೆ ಒಂದು ಗಳಿಗೆಯಲ್ಲಿ ಮುಗಿಯುತ್ತಿತ್ತಲ್ಲ ಎಂದು ಕೆಲವರು ಗೊಣಗಿದರು. ಆದರೆ ಆ ವರ್ಷ ಹೆಂಗಸಿನ ಹೊಲಕ್ಕೂ ನೀರು ಹರಿಯಿತು. ಶಿಲ್ಪಿಯ ಮನಸ್ಸು ಹಗುರಾಯಿತು.

ಕತೆ ಮುಗಿಯಿತು. ಬಾಚಣ್ಣನ ಮುಖ ಅರಳಿತು. "ತಿಳಿಯಿತು ಗುರುಗಳೇ. ಸಿದ್ಧಾಂತವೂ ಬೇಕು, ಬೆಟ್ಟವೂ ಬೇಕು."

ಗುರು ಹೇಳಿದರು: "ಅವೆರಡೂ ಮೊದಲೇ ಇದ್ದವು. ಶಿಲ್ಪಿ ಬೆಟ್ಟ ಹತ್ತಿದ್ದು ಆ ಹೆಂಗಸನ್ನು ಮಾತಾಡಿಸಿದ ಮೇಲೆ."