ಕೈಚೀಲಕ್ಕೆ ಯಾವ ಶೂ?

ಓಟಗಾರ್ತಿ ಫಿಲೋಮಿನಾ ಮೊದಲ ಬಾರಿಗೆ ವಿದೇಶದ ಪಂದ್ಯಕ್ಕೆ ಹೊರಟಿದ್ದಳು. ಅವಳ ಕೈಚೀಲದಲ್ಲಿ ಒಂದು ಜೊತೆ ಶೂಗಷ್ಟೇ ಜಾಗವಿತ್ತು. ಇನ್ನೊಂದು ಜೊತೆ ವಿಮಾನಕ್ಕೆ ಹಾಕುವ ದೊಡ್ಡ ಪೆಟ್ಟಿಗೆ ಸೇರಬೇಕು.

"ಪರದೇಶದವರೆದುರು ಸವೆದ ಶೂ ಶೋಭಿಸದು. ಅವಳ ಕೈಯಲ್ಲಿ ನಾನೇ ಇರಬೇಕು," ಎಂದಿತು ಹೊಸ ಶೂ.

"ಪೆಟ್ಟಿಗೆ ದಾರಿಯಲ್ಲಿ ತಪ್ಪಿಹೋದರೆ ಅವಳು ಕೈಚೀಲದ ಶೂ ಹಾಕಿಕೊಂಡೇ ಓಡಬೇಕು. ನಿನ್ನೆ ಅವಳ ಹಿಮ್ಮಡಿ ಕಚ್ಚಿದವರು ಯಾರು?" ಎಂದಿತು ಹಳೆಯದು.

ಫಿಲೋಮಿನಾ ಎರಡನ್ನೂ ಹಾಕಿಕೊಂಡು ಅಂಗಳದಲ್ಲಿ ಒಂದೊಂದು ಸುತ್ತು ಓಡಿ ನೋಡಿದಳು. ಆಮೇಲೆ ಹಳೆಯದನ್ನು ಕೈಚೀಲಕ್ಕೆ ಹಾಕಿದಳು.

ಪೆಟ್ಟಿಗೆಯೊಳಗಿಂದ ಹೊಸದು ಕೇಳಿತು: "ಅಣ್ಣಾ, ವಿದೇಶ ಹೇಗಿರುತ್ತದೆ?"

"ನನಗೂ ಗೊತ್ತಿಲ್ಲ ತಮ್ಮಾ. ಖುಷಿಗೆ ನನ್ನ ದಾರಗಳೂ ನಡುಗುತ್ತಿವೆ. ಆದರೆ ಅವಳ ಪಾದ ನನಗೆ ಗೊತ್ತು."