ಮೋಡವಿಲ್ಲದ ದಿನ ಏರಿದ ಹೊಳೆ

“ಗುರುಗಳೇ, ಅಲ್ಲಿಯ ಜನ ನನಗೆ ಗೊತ್ತಿಲ್ಲದ್ದನ್ನು ಕೇಳಿದರೆ ಏನು ಮಾಡಲಿ? ಗೊತ್ತಿಲ್ಲ ಎಂದರೆ ನನ್ನ ಮಾತಿಗೆ ಬೆಲೆ ಉಳಿಯುತ್ತದೆಯೇ?”

ಕೇಳಿದವನು ಸೋಮಲಿಂಗ ಎಂಬ ಶಿಷ್ಯ. ಹನ್ನೆರಡು ವರ್ಷ ಕಲಿತು, ಮರುದಿನ ದೂರದ ಊರಿನ ಮಠದ ಹೊಣೆ ಹೊರಲು ಹೊರಡುವವನಿದ್ದ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಕೃಷ್ಣಾ ತೀರದಲ್ಲಿ ಒಬ್ಬ ಅಂಬಿಗನಿದ್ದ. ನಲವತ್ತು ವರ್ಷ ಹರಿಗೋಲು ನಡೆಸಿದವನು. ಅವನ ಹರಿಗೋಲಿನಿಂದ ಒಬ್ಬರೂ ನೀರಿಗೆ ಬಿದ್ದಿರಲಿಲ್ಲ. ಹೊಳೆ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಊರವರು ಅವನನ್ನೇ ಕೇಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ಆ ಊರಿನ ಹದಿಮೂರು ಜನ ಹಿಮಾಲಯದ ಯಾತ್ರೆಗೆ ಹೋದರು. ಅಂಬಿಗನೂ ಅವನ ಹೆಂಡತಿಯೂ ಅವರಲ್ಲಿದ್ದರು. ದೇವರ ದರ್ಶನ ಮುಗಿಸಿ ಬೆಟ್ಟ ಇಳಿಯುವಾಗ ಯಾರೋ ಒಂದು ಕಮರಿಯ ವಿಷಯ ಹೇಳಿದರು. ಮೇಲಿನ ಹಿಮ ಕರಗಿ ಹರಿದ ನೀರು ಬೆಟ್ಟವನ್ನು ಬುಡದವರೆಗೆ ಸೀಳಿದೆ, ಅದನ್ನು ನೋಡದೆ ಹೋಗಬೇಡಿ ಎಂದರು. ಎಲ್ಲರೂ ಹೊರಟರು.

ಕಮರಿಯ ಎರಡು ಕಡೆಯೂ ಬಂಡೆ ಗೋಡೆಯಂತೆ ನಿಂತಿತ್ತು; ಇಳಿಯಲು ಹತ್ತಲು ಈಚೆ ದಡದಲ್ಲಿ ಮಾತ್ರ ಒಂದು ಕಾಲುದಾರಿ. ತಲೆಯೆತ್ತಿದರೆ ಆಕಾಶ ಒಂದು ಪಂಚೆಯಷ್ಟು ಅಗಲ ಕಾಣುತ್ತಿತ್ತು. ನಡುವೆ ಮೊಣಕಾಲುದ್ದ ನೀರು. ಆಚೆ ದಡದಲ್ಲಿ, ಬಂಡೆಯ ಬುಡಕ್ಕೆ, ಮರಳಿನ ದಿಬ್ಬ. ಅಲ್ಲಿ ಕೂತು ಕಣ್ತುಂಬ ನೋಡಿ, ಅಡುಗೆ ಮಾಡಿ ಉಂಡು, ಸಂಜೆಗೆ ಹಿಂತಿರುಗೋಣ ಎಂದು ಜನ ಆಸೆಪಟ್ಟರು. ಅವರಲ್ಲಿದ್ದ ಬಟ್ಟೆ ವ್ಯಾಪಾರಿಯೊಬ್ಬ ಅಂಬಿಗನ ಮುಖ ನೋಡಿದ.

ಅಂಬಿಗ ಆಕಾಶ ನೋಡಿದ. “ಮೋಡವಿಲ್ಲದ ದಿನ ಹೊಳೆ ಏರುವುದಿಲ್ಲ. ನಾನಿದ್ದೇನೆ, ಬನ್ನಿ,” ಎಂದ. ಎಲ್ಲರನ್ನೂ ಕೈಹಿಡಿದು ದಾಟಿಸಿದ.

ಸ್ವಲ್ಪ ಹೊತ್ತಾದ ಮೇಲೆ ಒಲೆಗೆ ಕಟ್ಟಿಗೆ ತರಲು ಅವನೊಬ್ಬನೇ ಈಚೆ ದಡಕ್ಕೆ ಬಂದ. ಕಟ್ಟಿಗೆ ಹೊತ್ತು ತಿರುಗುವಾಗ ಕುರಿ ಮೇಯಿಸುವ ಮುದುಕಿಯೊಬ್ಬಳು ಎದುರಾದಳು. ಆಚೆ ಕೂತವರನ್ನು ನೋಡಿ, “ಅವರನ್ನು ಕರೆ. ಮಧ್ಯಾಹ್ನಕ್ಕೆ ನೀರು ಏರುತ್ತದೆ,” ಎಂದಳು. ಯಾತ್ರೆಯಲ್ಲಿ ಕಲಿತ ನಾಲ್ಕು ಮಾತು ಹಿಂದಿಯಿಂದ ಅಂಬಿಗನಿಗೆ ಅಷ್ಟು ತಿಳಿಯಿತು. ತಿಳಿದು ಸಿಟ್ಟೂ ಬಂತು. ಹೊಳೆಯ ವಿಷಯವನ್ನು ಇದುವರೆಗೆ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಮಳೆಯೇ ಇಲ್ಲವಲ್ಲ, ತಾಯಿ?”

“ಇಲ್ಲಿ ಬಿಸಿಲೇ ಮಳೆ,” ಎಂದು ಮುದುಕಿ ಮೇಲಿನ ಹಿಮದ ಕಡೆ ಕೈ ತೋರಿಸಿದಳು.

ಅಂಬಿಗ ಕಟ್ಟಿಗೆ ಇಳಿಸಿ ನೀರಿನ ಅಂಚಿಗೆ ಹೋದ. ಬರುವಾಗ ಕಾಲಿಟ್ಟಿದ್ದ ಕಲ್ಲು ಮುಳುಗಿತ್ತು. ತಿಳಿಯಾಗಿದ್ದ ನೀರು ಬೂದಿ ಕಲಸಿದಂತಾಗಿತ್ತು. ಈಗ ಕರೆದರೆ ಊರವರ ಮುಂದೆ ತನ್ನ ಮಾತು ಸುಳ್ಳಾಗುತ್ತದೆ. ಇನ್ನು ಸ್ವಲ್ಪ ಕಾದರೆ ನೀರು ಅಲ್ಲಿಗೇ ನಿಲ್ಲಬಹುದು. ಹಾಗೆ ಯೋಚಿಸುತ್ತ ಅವನು ನಿಂತ. ಆಚೆ ಅವನ ಹೆಂಡತಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಅವಳನ್ನು ನೋಡಿದವನೇ ನೀರಿಗಿಳಿದ. ನೀರು ತೊಡೆಯವರೆಗೆ ಬಂತು. ದಾಟಿ ಊರವರ ಮುಂದೆ ನಿಂತ.

“ಬೆಳಿಗ್ಗೆ ನಾನು ಹೇಳಿದ್ದು ತಪ್ಪು,” ಎಂದ. “ಈ ಹೊಳೆ ನನಗೆ ಗೊತ್ತಿಲ್ಲ. ಗೊತ್ತಿರುವವಳು ಆಚೆ ನಿಂತಿದ್ದಾಳೆ. ಪಾತ್ರೆ ಪಡಗ ಬಿಟ್ಟು ಏಳಿ.”

ವ್ಯಾಪಾರಿ ಏಳಲಿಲ್ಲ. “ಗೊತ್ತಿಲ್ಲ ಅಂದಮೇಲೆ ನಿನ್ನ ಮಾತು ಹೇಗಪ್ಪ ನಂಬುವುದು?”

ಅಂಬಿಗನ ಹೆಂಡತಿ ಅಕ್ಕಿ ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಹೊಳೆಯ ವಿಷಯದಲ್ಲಿ ನಮ್ಮವರು ಗೊತ್ತಿಲ್ಲ ಅಂದದ್ದು ಇದೇ ಮೊದಲು. ನಾನಂತೂ ಹೊರಟೆ,” ಎಂದಳು.

ಅವಳ ಹಿಂದೆ ಎಲ್ಲರೂ ಎದ್ದರು. ಅಂಬಿಗ ಪಂಚೆಗಳನ್ನು ಗಂಟುಹಾಕಿ ಹಗ್ಗ ಮಾಡಿದ. ಸೆಳೆತಕ್ಕೆ ಹೇಗೆ ಮೈಕೊಡಬೇಕು, ಹೆಜ್ಜೆ ಎಲ್ಲಿ ಊರಬೇಕು ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಬ್ಬೊಬ್ಬರನ್ನೇ ದಾಟಿಸಿದ. ಕೊನೆಗೆ ವ್ಯಾಪಾರಿಯನ್ನು ಕರೆತರುವಾಗ ನೀರು ಎದೆಮಟ್ಟಕ್ಕಿತ್ತು. ಅವರು ದಡ ಹತ್ತಿ ನಿಂತು ನೋಡುತ್ತಿದ್ದಂತೆ ಮೊದಲು ಪಾತ್ರೆಗಳು ತೇಲಿಹೋದವು, ಆಮೇಲೆ ದಿಬ್ಬವೇ ಕಾಣದಾಯಿತು. ಮುದುಕಿ ತನ್ನ ಕುರಿಗಳನ್ನು ಹೊಡೆದುಕೊಂಡು ಮೇಲಕ್ಕೆ ಹೋದಳು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಸೋಮಲಿಂಗ ಕೇಳಿದ: “ಆಮೇಲೆ ಊರಿನಲ್ಲಿ ಆ ಅಂಬಿಗನ ಮಾತಿಗೆ ಬೆಲೆ ಉಳಿಯಿತೇ, ಗುರುಗಳೇ?”

“ಅದು ನನಗೆ ಗೊತ್ತಿಲ್ಲಪ್ಪ, ಹದಿಮೂರು ಜನವೂ ಊರು ಸೇರಿದರು ಎನ್ನುವುದು ಮಾತ್ರ ಗೊತ್ತು.”