ಸ್ಪಂಜಿನ ಬಾಣದ ಪರೀಕ್ಷೆ

“ಬುದ್ಧೀ, ನನ್ನ ಮಾತಿಗೆ ಬಲ ಬಂದಿದೆಯೋ ಇಲ್ಲವೋ, ಹೇಗೆ ತಿಳಿಯಲಿ?” ಎಂದು ಶಿಷ್ಯ ನಿರ್ವಾಣಪ್ಪ ಗುರುಗಳನ್ನು ಕೇಳಿದ. ಅವನ ಓದು ಮುಗಿದಿತ್ತು. ಊರೂರಿಗೆ ಹೋಗಿ ಬೋಧಿಸಬೇಕೆಂಬುದೇ ಅವನ ಬಹುದಿನದ ಆಸೆ; ಅಪ್ಪಣೆಯೊಂದು ಬಾಕಿ. ಚರ್ಚೆಯಲ್ಲಿ ತನ್ನೆದುರು ಯಾರೂ ನಿಲ್ಲುವುದಿಲ್ಲ ಎಂಬುದನ್ನೂ ಸೇರಿಸಿದ. ಮೆಲ್ಲಗೇ ಹೇಳಿದ, ಆದರೆ ಗುರುಗಳಿಗೆ ಕೇಳಿಸುವಷ್ಟು ಗಟ್ಟಿಯಾಗಿ.

ಗುರುಗಳು ನಕ್ಕು, ಕೂತುಕೋ ಎಂದು ಸನ್ನೆ ಮಾಡಿ, ಕತೆ ಶುರು ಮಾಡಿದರು.

ಒಬ್ಬ ಆಟಿಕೆ ವ್ಯಾಪಾರಿ ಇದ್ದ. ಮಕ್ಕಳ ರಜೆ ಹತ್ತಿರವಾಗಿತ್ತು. ಸ್ಪಂಜಿನ ಬಾಣ ಹಾರಿಸುವ ಎರಡು ಬಗೆಯ ಬಂದೂಕು ಅವನ ಅಂಗಡಿಗೆ ಮಾದರಿಯಾಗಿ ಬಂದಿದ್ದವು. ಎರಡರಲ್ಲಿ ಒಂದನ್ನು ಆರಿಸಬೇಕು. ತಪ್ಪಿದರೆ ರಜೆಯ ವ್ಯಾಪಾರವೆಲ್ಲ ಕೈತಪ್ಪಿದಂತೆ. ಅವನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಗೋಡೆಯ ಮೇಲೆ ಬಳಪದಲ್ಲಿ ಗುರಿ ಬರೆದು, ಪರೀಕ್ಷೆಗೆ ನಿಂತ. ಮೊದಲನೆಯದರ ಬಾಣ ನೇರ ಹೋಗಿ ಗುರಿಗೆ ಪಟ್ಟೆಂದು ಬಡಿಯಿತು. ಎರಡನೆಯದರ ಬಾಣ ದಾರಿಯಲ್ಲೇ ಬಾಗಿ ಗುರಿಯ ಕೆಳಗೆಲ್ಲೋ ತಗುಲಿತು. ಮತ್ತೆ ಮತ್ತೆ ಹೊಡೆದು ನೋಡಿದ. ಮೊದಲನೆಯದೇ ಸರಿ ಎಂದು ಅವನಿಗೆ ಖಾತ್ರಿಯಾಯಿತು.

ಅಷ್ಟರಲ್ಲಿ ಹೆಂಡತಿ ಊಟ ತಂದಳು. ಗಂಡನ ಸಾಹಸವನ್ನು ಸ್ವಲ್ಪ ಹೊತ್ತು ನೋಡಿದಳು.

“ಮಕ್ಕಳು ಗೋಡೆ ಜೊತೆ ಆಡ್ತಾವೇನ್ರೀ? ಅಲ್ಲಿ ನಿಂತ್ಕೊಳ್ಳಿ, ನಿಮಗೇ ಹೊಡೀತೀನಿ” ಎಂದಳು.

ವ್ಯಾಪಾರಿ ನಿಂತ. ಮೊದಲನೆಯದರ ಬಾಣ ತೋಳಿಗೆ ಚುರ್ರೆಂದು ತಗುಲಿತು. ಆಟ ಸಾಕು ಎಂದು ತೋಳು ಉಜ್ಜಿಕೊಳ್ಳುತ್ತ ಅವನು ಕೈ ತೊಳೆಯಲು ಹೊರಟ. ಅವಳು ಬಿಡಲಿಲ್ಲ, ಎರಡನೆಯದನ್ನು ಎತ್ತಿ ಹೊಡೆದೇಬಿಟ್ಟಳು. ಬಾಣ ಅವನ ಹೊಟ್ಟೆಗೆ ತಾಗಿ ಕಾಲ ಬಳಿ ಬಿತ್ತು. ಕಚಗುಳಿ ಇಟ್ಟಂತಾಗಿ ಅವನಿಗೆ ನಗು ಬಂತು. ಬಗ್ಗಿ ಬಾಣ ಹೆಕ್ಕಿಕೊಂಡು, ಅವಳ ಕೈಯಿಂದ ಬಂದೂಕು ಕಸಿದು, ತಿರುಗಿ ಹೊಡೆದ. ಅವಳು ಸೆರಗು ಸಿಕ್ಕಿಸಿಕೊಂಡು ಅದೇ ಬಾಣ ಎತ್ತಿಕೊಂಡು ಬಂದಳು. ಬಂದೂಕು ಇವನ ಕೈಯಿಂದ ಅವಳಿಗೆ, ಅವಳಿಂದ ಇವನಿಗೆ ಹೋಗುತ್ತಲೇ ಇತ್ತು. ಅನ್ನ ಆರಿ ತಣ್ಣಗಾಯಿತು, ಇಬ್ಬರಿಗೂ ಅದರ ಗೊಡವೆಯಿಲ್ಲ. ಮದುವೆಯಾದ ಹೊಸದರಲ್ಲೂ ಅವರು ಹಾಗೆ ನಕ್ಕಿರಲಿಲ್ಲ. ವ್ಯಾಪಾರಿ ಎರಡನೆಯದನ್ನೇ ತರಿಸಿದ. ರಜೆ ಮುಗಿಯುವ ಮೊದಲೇ ಎಲ್ಲ ಖರ್ಚಾದವು.

ನಿರ್ವಾಣಪ್ಪನಿಗೆ ಕತೆ ಬಹಳ ಹಿಡಿಸಿತು. ಗಂಡ ಹೆಂಡಿರ ಆಟವನ್ನು ನೆನೆದು ಅವನೂ ನಕ್ಕ. ಆಮೇಲೆ ಕೈಮುಗಿದು, ಹಾಗಾದರೆ ತನಗೆ ಅಪ್ಪಣೆಯಾಯಿತೇ ಎಂದು ಕೇಳಿದ.

ಗುರುಗಳು ಹೇಳಿದರು: “ನಿನ್ನ ಮಾತು ತಗುಲಿದ ಮೇಲೂ ನಗುತ್ತ ಮರುಮಾತಿಗೆ ಬಂದ ಒಬ್ಬರ ಹೆಸರು ಹೇಳು, ಈಗಲೇ ಹೊರಡು.”